ತವರಿನ ಮದರ್‌ಬೋರ್ಡ್, ಅತ್ತೆಮನೆಯ ಪ್ರೊಸೆಸರ್

ಕೇಳಿದ್ದನ್ನು ಕೇಳಿದ ಹಾಗೆ ಕೊಡುವ ಜನ ಬೇರೆ ಊರುಗಳಲ್ಲಿ ಇರಬಹುದು, ನಮ್ಮ ಬಳಗದಲ್ಲಂತೂ ಒಬ್ಬರೂ ಇಲ್ಲ. ಇವರ ಹತ್ತಿರ ನೀರು ಕೇಳಿದರೆ ಚಹಾ ಬರುತ್ತದೆ. ದಿನಾ ಉಡುವುದಕ್ಕೆ ಒಂದು ಹಗುರಾದ ನೂಲಿನ ಸೀರೆ ಸಾಕು ಎಂದರೆ, ಉಟ್ಟುಕೊಂಡರೆ ಉಸಿರು ಬಿಗಿಯುವಂಥ ರೇಷ್ಮೆ ಸೀರೆ ತಂದು ಮಡಿಲಿಗೆ ಹಾಕುತ್ತಾರೆ. ಒಗ್ಗರಣೆಗೆ ಸಣ್ಣ ಬಾಣಲೆ ಬೇಕು ಎಂದು ಬಾಯಿಬಿಟ್ಟು ಹೇಳಿದ್ದೆ ಒಮ್ಮೆ. ಬಂದದ್ದು ಮದುವೆ ಮನೆಯ ಭಜಿ ಕರಿಯುವ ಬಾಣಲೆ. ಯಾಕೆ ಹೀಗೆ ಎಂದು ಕೇಳಿದಿರೋ, ಮುಖ ಅರಳಿಸಿಕೊಂಡು ಒಂದೇ ಉತ್ತರ ಕೊಡುತ್ತಾರೆ: "ಅದಕ್ಕಿಂತ ಛಲೋದು ತಂದೇವಲ್ಲ." ಈ ಮಾತು ಕೇಳಿದಾಗಲೆಲ್ಲ ನನ್ನ ಪಿತ್ತ ನೆತ್ತಿಗೇರುತ್ತದೆ. ಆದರೆ ಏನು ಮಾಡುವುದು, ಪ್ರೀತಿಯಿಂದ ತಂದವರನ್ನು ಬಯ್ಯುವ ಹಾಗಿಲ್ಲ. ನಕ್ಕು, ಅರಿಷಿಣ ಕುಂಕುಮ ಕೊಟ್ಟು, ಆ ಬಾಣಲೆಯನ್ನು ಅಟ್ಟದ ಮೇಲೆ ಇಟ್ಟುಬಿಟ್ಟೆ. ಈಗಲೂ ಅಲ್ಲೇ ಇದೆ.

ಬಾಣಲೆಯ ಮಟ್ಟಿಗೆ ಸುಮ್ಮನಿದ್ದೆ. ಕಂಪ್ಯೂಟರಿನ ಮಟ್ಟಿಗೆ ಸುಮ್ಮನಿರಲು ಆಗಲಿಲ್ಲ. ಅದನ್ನೇ ಹೇಳಬೇಕಾಗಿದೆ.

ನಾನು ಇರುವುದು ಧಾರವಾಡದ ಮಾಳಮಡ್ಡಿಯಲ್ಲಿ. ನೌಕರಿ ಮಾಡಿದ್ದು ಹುಬ್ಬಳ್ಳಿಯ ಒಂದು ವಿಮಾ ಕಚೇರಿಯಲ್ಲಿ. ಅಂದರೆ ನನ್ನ ಅರ್ಧ ಆಯುಷ್ಯ ಈ ಎರಡು ಊರುಗಳ ನಡುವೆ ಬಸ್ಸಿನಲ್ಲಿ ಕಳೆದಿದೆ. ಸತ್ತೂರ ದಾಟುವವರೆಗೆ ನಿಂತುಕೊಂಡು, ದಾಟಿದ ಮೇಲೆ ಅದೃಷ್ಟವಿದ್ದರೆ ಕೂತುಕೊಂಡು, ಕಿಟಕಿಯಿಂದ ಹೊರಗೆ ಹೋಗುವ ಲಾರಿಗಳನ್ನು ನೋಡುತ್ತಿದ್ದೆ. ಆ ಡ್ರೈವರುಗಳ ಎತ್ತರದ ಆಸನ, ಆ ದೊಡ್ಡ ಸ್ಟೇರಿಂಗು, ಯಾರ ಹಂಗೂ ಇಲ್ಲದೆ ಊರಿಂದ ಊರಿಗೆ ಹೋಗುವ ಆ ಠೀವಿ ಕಂಡು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಮನೆಗೆ ಬಂದರೆ ನಮ್ಮ ಮನೆಯವರ ಸ್ಕೂಟರು. ಅದರ ಹಿಂದಿನ ಸೀಟಿನಲ್ಲಿ ಒಂದೇ ಮಗ್ಗುಲಿಗೆ ಕೂತು, ತೊಡೆಯ ಮೇಲೆ ಕಾಯಿಪಲ್ಲೆಯ ಚೀಲ ಇಟ್ಟುಕೊಂಡು ಇಡೀ ಸಂಸಾರ ನಡೆಸಿದವಳು ನಾನು. ಕಲಿಸಿರಿ ಎಂದು ಕೇಳದೆ ಇರಲಿಲ್ಲ. "ಕಲ್ಸೂಣಂತ, ನೋಡೂಣು" ಎಂದರು. ಸಾಲಿ ಮಾಸ್ತರಾಗಿದ್ದವರು, ಊರ ಮಕ್ಕಳಿಗೆಲ್ಲ ಕಲಿಸಿದರು. ನನ್ನ ಪಾಳಿ ಬರುವುದರೊಳಗೆ ಅವರೂ ರಿಟೈರಾದರು, ಸ್ಕೂಟರೂ ರಿಟೈರಾಯಿತು.

ಹೀಗಿರುವಾಗ ಹುಬ್ಬಳ್ಳಿಯಲ್ಲಿ ನಮ್ಮ ಅಣ್ಣನ ಮಗಳು ಅನಘಾ ನನಗೆ ಒಂದು ಆಟ ತೋರಿಸಿದಳು. ಅನಘಾ ಹಲ್ಲಿನ ಡಾಕ್ಟರು. ಹಗಲೆಲ್ಲ ಮಂದಿಯ ಬಾಯಿ ತೆರೆಸಿ, ಸಂಜೆ ಕಂಪ್ಯೂಟರಿನಲ್ಲಿ ಆಟ ಆಡುತ್ತಾಳೆ. ಅದರಲ್ಲಿ ಒಂದು ಲಾರಿ ಓಡಿಸುವ ಆಟ. ಬಂದೂಕಿಲ್ಲ, ಹೊಡೆದಾಟವಿಲ್ಲ. ಸರಕು ಹೇರಿಕೊಳ್ಳುವುದು, ದಾರಿ ಹಿಡಿಯುವುದು, ಇಳಿಸುವುದು, ಅಷ್ಟೇ. "ಕೂಡ್ರು ಅತ್ಯಾ" ಎಂದಳು. ಮುಂಜಾನೆ ಕೂತವಳನ್ನು ಅಣ್ಣನ ಹೆಂಡತಿ, ನಮ್ಮ ವೈನಿ, ಊಟಕ್ಕೆ ಕರೆದಾಗ ನಾನು ಯಾವುದೋ ದೇಶದ ಹೆದ್ದಾರಿಯಲ್ಲಿ ಟೊಮೆಟೊ ಹೇರಿಕೊಂಡು ಹೋಗುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಅಷ್ಟು ಖುಷಿ ನನಗೆ ಬಹಳ ವರ್ಷಗಳಿಂದ ಆಗಿರಲಿಲ್ಲ. ನನ್ನ ರಿಟೈರ್‌ಮೆಂಟು ಹತ್ತಿರ ಬಂದಿತ್ತು. ನನಗೇ ಎಂದು ಒಂದು ಇಂಥ ಕಂಪ್ಯೂಟರು ಬೇಕು ಎಂದು ಅಂದೇ ನಿಶ್ಚಯ ಮಾಡಿದೆ.

ಅನಘಾ ಹೇಳಿದಳು, "ಆಟಕ್ಕಂತ ಮಾಡಿದ ರೆಡಿ ಕಂಪ್ಯೂಟರ್ ತುಟ್ಟಿ ಬೀಳತಾವ ಅತ್ಯಾ. ಬಿಡಿ ಸಾಮಾನು ತಂದು ಜೋಡಸೂಣು. ಆದ್ರ ಒಂದಕ್ಕೊಂದು ಹೊಂದೂವಂಥಾವ ತರಬೇಕು. ಸ್ಟೇರಿಂಗ್ ಆಮ್ಯಾಲ ನೋಡೂಣು, ಮೊದಲ ಕೀಬೋರ್ಡಿನ ಮ್ಯಾಲೆ ರೂಢಿ ಮಾಡ್ಕೋ." ಬುದ್ಧಿವಂತ ಹುಡುಗಿ. ಆದರೆ ಸ್ಟೇರಿಂಗಿಲ್ಲದೆ ಲಾರಿ ಓಡಿಸುವುದು ಹೇಗೆ? ಅವರ ಮನೆಯಿಂದ ಹೊರಟು ಬಸ್ಸಿಗೆ ಬರುವ ದಾರಿಯಲ್ಲಿಯೇ ಒಂದು ಅಂಗಡಿಯ ಗಾಜಿನೊಳಗೆ ಸ್ಟೇರಿಂಗು ಕಂಡಿತು. ಕಪ್ಪು ಚರ್ಮ ಹೊದಿಸಿದ, ಕೆಳಗೆ ಬ್ರೇಕು ಎಕ್ಸಲೇಟರು ಎಲ್ಲ ಇರುವ ಸ್ಟೇರಿಂಗು. ಒಳಗೆ ಹೋದೆ. ಅಂಗಡಿಯವನು ಮೊದಲು ಕೇಳಿದ್ದೇ, "ಮೊಮ್ಮಗನ ಸಲುವಾಗಿ ಏನ್ರಿ ಮೇಡಮ್ಮಾರ?" ಮಗ ಎಂದಿದ್ದರೆ ತಡೆದುಕೊಳ್ಳುತ್ತಿದ್ದೆ. "ನನ್ನ ಸಲುವಾಗಿ" ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೌದೇನ್ರಿ, ಆದ್ರ ಇದನ್ನ ನೀವು ಯಾವುದಕ್ಕ" ಎಂದು ಏನೋ ಶುರುಮಾಡಿದ. "ನನಗ ಎಲ್ಲಾ ಗೊತ್ತೈತಿ, ನೀವು ಪ್ಯಾಕ್ ಮಾಡ್ರಿ" ಎಂದು ಅವನ ಬಾಯಿ ಮುಚ್ಚಿಸಿದೆ. ಹೆಂಗಸರನ್ನು ಕಂಡರೆ ಇವರಿಗೆಲ್ಲ ಉಪದೇಶ ಮಾಡುವ ಚಟ. ಮನೆಗೆ ತಂದು, ಯಾರಿಗೂ ತೋರಿಸದೆ, ಹಳೆಯ ಸೀರೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟೆ. ಆಗಾಗ ಕಪಾಟು ತೆರೆದು ಮುಟ್ಟಿ ನೋಡುತ್ತಿದ್ದೆ.

ಇನ್ನು ನಮ್ಮ ಮನೆತನದ ಆಯೇರಿನ ಪದ್ಧತಿ ಹೇಳಬೇಕು. ಮನೆಯಲ್ಲಿ ಏನೇ ಕಾರ್ಯವಾಗಲಿ, ಬಳಗದವರು ಕೊಡುವ ಉಡುಗೊರೆಗೆ ನಾವು ಆಯೇರು ಎನ್ನುತ್ತೇವೆ. ಹಿಂದೊಮ್ಮೆ ಒಂದು ಮದುವೆಯಲ್ಲಿ ಬರೀ ಗೋಡೆ ಗಡಿಯಾರಗಳೇ ಬಂದು, ಆ ಹೊಸ ದಂಪತಿಗಳ ಮನೆಯಲ್ಲಿ ಬಚ್ಚಲಿಗೂ ಒಂದು ಗಡಿಯಾರ ಹಾಕಬೇಕಾಯಿತು. ಅಂದಿನಿಂದ ಹಿರಿಯರು ಒಂದು ಕಟ್ಟಳೆ ಮಾಡಿದ್ದಾರೆ. ಕಾರ್ಯಕ್ಕೆ ಮೊದಲು ಎಲ್ಲರೂ ಕೂತು ಯಾರು ಏನು ಕೊಡಬೇಕು ಎಂದು ಹಂಚಿಕೊಳ್ಳುವುದು. ಕುಕ್ಕರು ತವರಿನವರದು, ಮಿಕ್ಸರು ಅತ್ತೆಮನೆಯವರದು, ಹೀಗೆ. ಒಂದೇ ವಸ್ತು ಎರಡು ಬರಬಾರದು, ಅಷ್ಟೇ ಅದರ ಉದ್ದೇಶ. ಒಂದು ವಸ್ತು ಇನ್ನೊಂದಕ್ಕೆ ಹೊಂದುತ್ತದೋ ಇಲ್ಲವೋ ಎಂದು ಕೇಳುವ ಪ್ರಸಂಗ ಇದುವರೆಗೆ ಬಂದಿರಲಿಲ್ಲ. ಕುಕ್ಕರಿಗೂ ಮಿಕ್ಸರಿಗೂ ಎಂದಾದರೂ ಜಗಳವಾಗಿದೆಯೇ?

ನಮ್ಮ ಮನೆಯವರ ಅರವತ್ತರ ಶಾಂತಿಗೂ ಹೀಗೇ ಹಂಚಿಕೊಂಡರು. ಅವರಿಗೆ ಒರಗು ಕುರ್ಚಿ ಬಂತು, ಹಾರ್ಮೋನಿಯಂ ಬಂತು, ಕೈಗಡಿಯಾರ ಬಂತು. ನಾನು ಕಾಯಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ. ಅದಕ್ಕೇ ನನ್ನ ರಿಟೈರ್‌ಮೆಂಟಿಗೆ ಸತ್ಯನಾರಾಯಣ ಪೂಜೆ ಇಟ್ಟುಕೊಂಡು, ಆಯೇರು ಹಂಚಿಕೊಳ್ಳಲು ಎಲ್ಲರೂ ನಮ್ಮ ಮನೆಯಲ್ಲಿ ಕೂಡಿದಾಗ ನಾನು ಧೈರ್ಯ ಮಾಡಿ ಹೇಳಿಬಿಟ್ಟೆ. ಸೀರೆ ಬೇಡ, ಬೆಳ್ಳಿ ಬೇಡ, ಆಟದ ಕಂಪ್ಯೂಟರು ಬೇಕು. ಗಿರ್ಮಿಟ್ಟು ತಿನ್ನುತ್ತಿದ್ದ ಬಾಯಿಗಳೆಲ್ಲ ಹಾಗೇ ನಿಂತವು. ಆಮೇಲೆ ನಮ್ಮ ಅವ್ವನ ತಂಗಿ, ಮಾವಶಿ, "ಅಕಿ ಎಂದರ ಏನರ ಕೇಳ್ಯಾಳೇನ? ಕೊಡೂಣು" ಎಂದಳು. ಆ ಮುದುಕಿಯ ಹೊಟ್ಟೆ ತಣ್ಣಗಿರಲಿ ಎಂದು ಆ ಗಳಿಗೆಯಲ್ಲಿ ಅಂದುಕೊಂಡೆ. ಅನಘಾ ಒಂದೊಂದು ಸಾಮಾನಿನ ಹೆಸರು, ಕಂಪನಿ, ನಂಬರು ಎಲ್ಲ ಬಿಡಿಸಿ ಎಲ್ಲರ ಮೊಬೈಲಿಗೆ ಕಳಿಸಿದಳು. ಇವೇ ತರಬೇಕು, ಬೇರೆ ತರಬಾರದು ಎಂದು ಕೈಮುಗಿದ ಚಿತ್ರವನ್ನೂ ಹಾಕಿದಳು. ಉಳಿದೆಲ್ಲ ಸಾಮಾನು ಕೂಡ್ರುವ ಹಲಗೆ, ಮದರ್‌ಬೋರ್ಡು, ನಮ್ಮ ಅಣ್ಣನ ಪಾಲಿಗೆ ಬಂತು, ಅಂದರೆ ತವರಿಗೆ. ಅದರ ಮೇಲೆ ಕೂಡ್ರುವ ಪ್ರೊಸೆಸರು ನಮ್ಮ ಮನೆಯವರ ಅಕ್ಕ ಇಂದಿರಕ್ಕನ ಪಾಲಿಗೆ, ಅಂದರೆ ಅತ್ತೆಮನೆಗೆ. ಮೇಲಿನ ಪೆಟ್ಟಿಗೆ, ಕ್ಯಾಬಿನೆಟ್ಟು ಎನ್ನುತ್ತಾರಲ್ಲ, ಅದು ಮಾವಶಿಗೆ. ಉಳಿದ ಚಿಲ್ಲರೆ ಸಾಮಾನು ಉಳಿದ ಮಂದಿಗೆ. ಕೀಬೋರ್ಡು ನಮ್ಮ ಮನೆಯವರಿಗೆ.

ಪೂಜೆಯಾಯಿತು, ಊಟವಾಯಿತು, ಆಯೇರು ಬಂತು. ಮರುದಿನ ಭಾನುವಾರ ಅನಘಾ ಸ್ಕ್ರೂಡ್ರೈವರ್ ಹಿಡಿದು ಬಂದಳು. ಅಣ್ಣನೂ ಬಂದಿದ್ದ, ಇಂದಿರಕ್ಕನೂ ಬಂದಿದ್ದರು. ಮೊದಲು ಮಾವಶಿಯ ಪೆಟ್ಟಿಗೆ ತೆಗೆದೆವು. ಸಾದಾ ಕರಿ ಪೆಟ್ಟಿಗೆ ಹೇಳಿದ್ದರೆ, ಒಂದು ಮಗ್ಗುಲಿಗೆ ಪೂರ್ತಿ ಗಾಜಿರುವ, ಒಳಗೆ ಬಣ್ಣಬಣ್ಣದ ದೀಪ ತಿರುಗುವ ಪೆಟ್ಟಿಗೆ ಬಂದಿತ್ತು. ನೋಡಿದರೆ ಗಣಪತಿ ಮಂಟಪ. ಇರಲಿ, ಅದು ಕೆಲಸಕ್ಕೆ ಬರುತ್ತದೆ ಎಂದಳು ಅನಘಾ. ನಂತರ ಅಣ್ಣನ ಮದರ್‌ಬೋರ್ಡು ತೆರೆದಳು. ಇಂದಿರಕ್ಕನ ಪ್ರೊಸೆಸರು ತೆರೆದಳು. ಒಮ್ಮೆ ಇದನ್ನು ನೋಡಿದಳು, ಒಮ್ಮೆ ಅದನ್ನು ನೋಡಿದಳು. ನಾಳೆ ಹಲ್ಲು ಕೀಳಬೇಕಾದ ರೋಗಿಯನ್ನು ನೋಡುವ ಹಾಗೆ ನನ್ನ ಮುಖ ನೋಡಿದಳು.

"ಅತ್ಯಾ, ಎರಡೂ ನಾ ಹೇಳಿದ್ದಲ್ಲ. ಈ ಬೋರ್ಡ್ ಒಂದು ಕಂಪನಿ ಪ್ರೊಸೆಸರಿಗೆ ಮಾಡಿದ್ದು. ಈ ಪ್ರೊಸೆಸರ್ ಇನ್ನೊಂದು ಕಂಪನೀದು. ಇದು ಆ ಬಾಯಾಗ ಕೂಡ್ರೂ ಹಲ್ಲಲ್ಲ."

ಅಣ್ಣನನ್ನು ಕೇಳಿದರೆ, ಅವನ ಪರಿಚಯದ ಅಂಗಡಿಯವನು "ತಂಗಿಗಿ ಕೊಡಾಕತ್ತೀರಿ, ಸಾದಾ ಯಾಕ್ರಿ, ಇದು ಅದಕ್ಕಿಂತ ಛಲೋದು" ಎಂದನಂತೆ. ಹೇಳಿದ್ದಕ್ಕಿಂತ ಅಗಲವಾದ, ಅಂಚಿಗೆ ದೀಪವಿರುವ ಬೋರ್ಡನ್ನು ಮಗಳಿಗೂ ತೋರಿಸದೆ ತಂದಿದ್ದ. ಇಂದಿರಕ್ಕನ ಕಥೆ ಬೇರೆ. ಅವರು ಅಂಗಡಿಗೆ ಹೋಗಿ ನೋಡಿದರೆ ಮದರ್‌ಬೋರ್ಡು ಊಟದ ತಾಟಿನಷ್ಟು ಇದೆ, ಪ್ರೊಸೆಸರು ನೋಡಿದರೆ ಅಂಚೆ ಚೀಟಿಯಷ್ಟು. ನಾಲ್ಕು ಜನರೆದುರು ತವರಿನವರು ತಾಟು ಕೊಟ್ಟು ಅತ್ತೆಮನೆಯವರು ಅಂಚೆ ಚೀಟಿ ಕೊಟ್ಟರೆ ಮರ್ಯಾದೆ ಉಳಿಯುತ್ತದೆಯೇ? ಚಿಕ್ಕದಾದರೂ ತೂಕದ್ದು ಇರಲಿ ಎಂದು, ಇನ್ನೊಂದು ಕಂಪನಿಯ ಭಾರಿ ಪ್ರೊಸೆಸರು ತಂದಿದ್ದರು. ಇಬ್ಬರೂ ಅನಘಾ ಕಳಿಸಿದ ಹೆಸರನ್ನು ಓದಿದ್ದರು. ಇಬ್ಬರೂ ಅದನ್ನು ಇಷ್ಟಾದರೂ ಕೊಡಲೇಬೇಕೆಂಬ ಗೆರೆ ಎಂದು ತಿಳಿದಿದ್ದರು.

"ಒಂದನ್ನ ಬದಲಿ ಮಾಡಿದ್ರ ಆತು" ಎಂದಳು ಅನಘಾ. ಪಾಪ, ಅವಳಿಗೆ ಹಲ್ಲು ಗೊತ್ತು, ಬಳಗ ಗೊತ್ತಿಲ್ಲ. ಯಾವುದನ್ನು ಬದಲಿಸುವುದು? ಅಣ್ಣ ಎದೆ ಸೆಟೆಸಿ, "ಪ್ರೀತಿಲೆ ತಂದದ್ದು. ನಾ ಬದಲಿ ಮಾಡಂಗಿಲ್ಲ" ಎಂದ. ಇಂದಿರಕ್ಕ ಸೆರಗು ಸರಿಮಾಡಿಕೊಂಡು, "ನಾನೂ ಪ್ರೀತಿಲೇನ ತಂದೇನಿ. ನಾನೂ ಬದಲಿ ಮಾಡಂಗಿಲ್ಲ" ಎಂದರು. ಅಣ್ಣ ಬೋರ್ಡೇ ಎಲ್ಲಕ್ಕೂ ತಾಯಿ ಎಂದ, ಹೆಸರಿನಲ್ಲೇ ಇದೆಯಲ್ಲ. ಇಂದಿರಕ್ಕ ಪ್ರೊಸೆಸರೆಂದರೆ ಮೆದುಳು, ಮೆದುಳಿಲ್ಲದ ತಾಯಿ ಏನು ಮಾಡಿಯಾಳು ಎಂದರು. ಅಲ್ಲಿಂದ ಮಾತು ನನ್ನ ಮದುವೆಗೆ ಹೋಯಿತು. ಬೀಗರಿಗೆ ಕೊಟ್ಟ ಫಳಾರದಲ್ಲಿ ಬೇಸನ್ ಉಂಡಿ ಗಟ್ಟಿಯಾಗಿದ್ದವು ಎಂದು ಇಂದಿರಕ್ಕ ನೆನಪಿಸಿದರು. ಗಟ್ಟಿ ಉಂಡಿಯನ್ನು ಬೀಗರು ಎರಡೆರಡು ಸಲ ಕೇಳಿ ಇಸಿದುಕೊಂಡರು ಎಂದು ಅಣ್ಣ ನೆನಪಿಸಿದ. ನಮ್ಮ ಮನೆಯವರು ಕೀಬೋರ್ಡು ತೊಡೆಯ ಮೇಲಿಟ್ಟುಕೊಂಡು "ನೋಡೂಣು, ನೋಡೂಣು" ಎನ್ನುತ್ತಿದ್ದರು.

ನಂತರದ ದಿನಗಳಲ್ಲಿ ನನಗೆ ಬರೀ ಫೋನು. ಮುಂಜಾನೆ ಅಣ್ಣ, "ವಿಜೂ, ನೀನ ಅವರಿಗಿ ತಿಳಿಸಿ ಹೇಳು." ಮಧ್ಯಾಹ್ನ ಇಂದಿರಕ್ಕ, "ವಿಜಯಾ, ನಿಮ್ಮಣ್ಣಗ ನೀನ ಹೇಳಬೇಕವಾ." ಇಬ್ಬರ ನಡುವೆ ನಾನು. ಗಾಜಿನ ಪೆಟ್ಟಿಗೆ ಖಾಲಿ ಹೊಟ್ಟೆಯಲ್ಲಿ ಮೇಜಿನ ಮೇಲೆ ಕೂತಿತ್ತು. ಒಂದು ಸಂಜೆ ಅದರ ಮುಂದೆ ಕೂತು ನನಗೆ ಅಳುವೇ ಬಂತು. ಮದುವೆಯಾದಾಗಿನಿಂದ ಇದೇ ನನ್ನ ಕೆಲಸ. ಅಲ್ಲಿಯ ಮಾತನ್ನು ಇಲ್ಲಿಗೆ ಸಿಹಿ ಮಾಡಿ ಹೇಳುವುದು, ಇಲ್ಲಿಯ ಮಾತನ್ನು ಅಲ್ಲಿಗೆ ಮೆತ್ತಗೆ ಮಾಡಿ ಹೇಳುವುದು, ಎರಡೂ ಕಡೆಗೆ ನಾನೇ ಹೊಂದಿಕೊಳ್ಳುವುದು. ಜನ್ಮದಲ್ಲಿ ಒಮ್ಮೆ ನನಗೇ ಎಂದು ಏನೋ ಒಂದು ಕೇಳಿದೆ. ಅದರೊಳಗೂ ಇವರಿಬ್ಬರ ಮರ್ಯಾದೆಯೇ ಬಂದು ಕೂತಿತಲ್ಲ. ಅಳು ನಿಂತಿತು, ಸಿಟ್ಟು ಬಂತು. ಅಂಥ ಸಿಟ್ಟು ನನಗೆ ಮೊದಲೆಂದೂ ಬಂದಿರಲಿಲ್ಲ.

ಮರುದಿನ ಎದ್ದು, ನಮ್ಮ ಮನೆತನದಲ್ಲಿ ಯಾರೂ ಮಾಡದ ಕೆಲಸ ಮಾಡಿದೆ. ಆಯೇರು ಹಿಂದಕ್ಕೆ ಕೊಟ್ಟೆ. ಬೋರ್ಡನ್ನು ಅದರ ಡಬ್ಬಿಯಲ್ಲಿಟ್ಟು, ಎಲೆ ಅಡಿಕೆ ಕಾಯಿ ಸಮೇತ ಹುಬ್ಬಳ್ಳಿಗೆ ಒಯ್ದು ಅಣ್ಣನ ಕೈಯಲ್ಲಿಟ್ಟೆ. ತಿರುಗಿ ಬಂದು ಪ್ರೊಸೆಸರನ್ನು ಅದೇ ರೀತಿ ಇಂದಿರಕ್ಕನ ಮಡಿಲಿಗೆ ಹಾಕಿದೆ. ಇಬ್ಬರಿಗೂ ಒಂದೇ ಮಾತು ಹೇಳಿದೆ: "ಇಷ್ಟ ದಿನಾ ನಾ ಹೊಂದಿಕೊಂಡೇನಿ. ನಿಮ್ಮ ಸಾಮಾನು ಹೊಂದಿಕೊಳ್ಳಾಕ ತಯಾರಿಲ್ಲಂದ್ರ ನನಗ ಬ್ಯಾಡ." ವೈನಿ ಬಾಗಿಲ ಸಂದಿಯಿಂದ ನೋಡಿ ಒಳಗೆ ಹೋದಳು. ಇಂದಿರಕ್ಕ ಡಬ್ಬಿಯನ್ನು ಕೆಳಗಿಟ್ಟು, ಕಾಯಿ ಮಾತ್ರ ಎತ್ತಿಕೊಂಡು ದೇವರ ಮನೆಗೆ ಹೋದರು. ನಾನು ಅನಘಾಳನ್ನು ಕರೆದುಕೊಂಡು ಅಂಗಡಿಗೆ ಹೋಗಿ, ಅವಳು ಮೊದಲು ಹೇಳಿದ್ದ ಬೋರ್ಡು ಪ್ರೊಸೆಸರು ಎರಡನ್ನೂ ನನ್ನ ದುಡ್ಡಿನಲ್ಲೇ ತಂದೆ. ಪ್ರೊಸೆಸರು ಬೋರ್ಡಿನ ಮೇಲೆ ಹೋಗಿ ಹಗುರಾಗಿ ಕೂತಿತು. ಒತ್ತಬೇಕಾಗಲಿಲ್ಲ, ಯಾರೂ ಯಾರಿಗೂ ತಿಳಿಸಿ ಹೇಳಬೇಕಾಗಲಿಲ್ಲ.

ಆಮೇಲೆ ನಡೆದದ್ದನ್ನು ಕೇಳಿ. ಆಯೇರು ಹಿಂದಕ್ಕೆ ಬಂದ ಅವಮಾನಕ್ಕೆ ಅಣ್ಣ ಯಾರ ಹತ್ತಿರ ಅಳಬೇಕು? ಆ ಅವಮಾನ ಪೂರ್ತಿ ತಿಳಿಯುವವರು ಈ ಭೂಮಿಯ ಮೇಲೆ ಒಬ್ಬರೇ ಇದ್ದರು. ಇಂದಿರಕ್ಕನಿಗೆ ಫೋನು ಮಾಡಿದ. ಹಬ್ಬಕ್ಕೊಮ್ಮೆ ಹೂಂ ಹಾಂ ಎನ್ನುತ್ತಿದ್ದ ಆ ಇಬ್ಬರು ಅಂದು ತಾಸುಗಟ್ಟಲೆ ಮಾತಾಡಿದರಂತೆ. ನಾನು ಚಿಕ್ಕವಳಿದ್ದಾಗಲೂ ಹೀಗೇ ಹಟಮಾರಿ ಎಂದು ಅಣ್ಣ ಹೇಳಿದನಂತೆ. ಮದುವೆಯಾಗಿ ಬಂದ ವರ್ಷವೇ ಅದು ತಮಗೆ ಗೊತ್ತಾಗಿತ್ತು ಎಂದು ಇಂದಿರಕ್ಕ ಹೇಳಿದರಂತೆ. ಬೇಸನ್ ಉಂಡಿ ರುಚಿಯಾಗಿಯೇ ಇದ್ದವು ಎಂದೂ ಒಪ್ಪಿಕೊಂಡರಂತೆ. ಎರಡೂ ಮನೆಗಳನ್ನು ಕೂಡಿಸಲು ನಾನು ಇಷ್ಟು ವರ್ಷ ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಯಿತು, ನನ್ನನ್ನು ಬಯ್ಯುವ ಒಂದು ಕಾರಣದಿಂದ ಅವರು ಕೂಡಿದರು. ಇದನ್ನು ಕೇಳಿ ಸಂತೋಷಪಡಬೇಕೋ ಸಿಟ್ಟಾಗಬೇಕೋ ತಿಳಿಯದೆ, ರೂಢಿಯಂತೆ ಸಿಟ್ಟಾದೆ.

ಕಂಪ್ಯೂಟರು ತಯಾರಾದ ಮೇಲೆ ಎಲ್ಲರನ್ನೂ ಚಹಾಕ್ಕೆ ಕರೆದೆ. ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಬಂದರು. ಅಷ್ಟೇ ಅಲ್ಲ, ಅಣ್ಣನ ಕಾರಿನಿಂದ ಇಂದಿರಕ್ಕ ಇಳಿದರು. ಒಂದೇ ದಿವಾನದ ಮೇಲೆ ಮಗ್ಗುಲಿಗೆ ಮಗ್ಗುಲು ಕೂತರು. ಮಾವಶಿಯ ಗಾಜಿನ ಪೆಟ್ಟಿಗೆಯಲ್ಲಿ ದೀಪಗಳು ತಿರುಗಿದವು, ಮಾವಶಿ ಕೈಮುಗಿದಳು. ನಾನು ಒಳಗೆ ಹೋಗಿ, ಕಪಾಟು ತೆರೆದು, ಸೀರೆ ಬಿಚ್ಚಿ, ನನ್ನ ಸ್ಟೇರಿಂಗು ತಂದು ಮೇಜಿನ ಮೇಲೆ ಇಟ್ಟೆ. ಎಲ್ಲರೂ ಬೆರಗಾದರು. ಅನಘಾ ಮಾತ್ರ ಬೆರಗಾಗಲಿಲ್ಲ. ಅದನ್ನು ಮಗುಚಿ, ಕೆಳಗಿದ್ದ ಸಣ್ಣ ಅಕ್ಷರ ಓದಿ, ವಯರು ಚುಚ್ಚಿ ನೋಡಿ, ತೆಗೆದು, ಇನ್ನೊಂದು ಕಡೆಗೆ ಚುಚ್ಚಿ ನೋಡಿದಳು. ನನಗೆ ಆ ಮುಖ ಪರಿಚಯವಾಗಿತ್ತು.

"ಅತ್ಯಾ, ಇದು ಟಿವಿಗಿ ಹಚ್ಚೂ ಆಟದ ಡಬ್ಬಿದು. ಕಂಪ್ಯೂಟರಿಗಿ ಹೊಂದಂಗಿಲ್ಲ. ಅಂಗಡ್ಯಾಂವ ಹೇಳಲಿಲ್ಲೇನು?"

ಹೇಳಲು ಬಂದಿದ್ದ. ನಾನೇ ಹೇಳಗೊಡಲಿಲ್ಲ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ದಿವಾನದ ಮೇಲೆ ಅಣ್ಣ ಇಂದಿರಕ್ಕನ ಮುಖ ನೋಡಿದ, ಇಂದಿರಕ್ಕ ಅಣ್ಣನ ಮುಖ ನೋಡಿದರು. ಇಬ್ಬರ ಮುಖದ ಮೇಲೂ ಒಂದೇ ನಗೆ ಇತ್ತು. "ಕೀಬೋರ್ಡ್ ಇತ್ತಲ್ಲವಾ, ಮತ್ತ ಇದ್ಯಾಕ?" ಎಂದರು ಇಂದಿರಕ್ಕ, ಬಹಳ ಮೃದುವಾಗಿ. "ಅದಕ್ಕಿಂತ ಛಲೋದು ಅಂತ" ಎನ್ನುವುದಕ್ಕೆ ಬಾಯಿ ತೆರೆದವಳು ಸಮಯಕ್ಕೆ ಸರಿಯಾಗಿ ಮುಚ್ಚಿಕೊಂಡೆ. ಅಣ್ಣ ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟು, "ಇರ್ಲಿ ಬಿಡು ವಿಜೂ. ನಮ್ಮ ಮನಿಯಿಂದ ಬಸ್ಸಿಗೆ ಹೋಗೂ ದಾರ್ಯಾಗಿನ ಅಂಗಡೀದಲ್ಲ ಇದು, ಆ ಅಂಗಡ್ಯಾಂವ ನನ್ನ ಪರಿಚಯದಾಂವ. ನಾಳೆ ನಾನು ಇಂದಿರಕ್ಕಾರು ಕೂಡಿ ಹೋಗಿ ಬದಲಿ ಮಾಡಿಸಿಕೊಂಡ ಬರತೇವಿ" ಎಂದ.

ನಾನು ಸ್ಟೇರಿಂಗನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡೆ. "ಏನ್ ಬ್ಯಾಡ" ಎಂದೆ. "ನಾ ಪ್ರೀತಿಲೆ ತಂದದ್ದು. ಬದಲಿ ಮಾಡಂಗಿಲ್ಲ."

ಆ ಮಾತು ನನ್ನ ಬಾಯಿಂದ ಬಂದದ್ದನ್ನು ಎಲ್ಲರೂ ಕೇಳಿದರು, ಎಲ್ಲರಿಗಿಂತ ಮೊದಲು ನಾನೇ ಕೇಳಿದೆ. ನಮ್ಮ ಮನೆಯವರು ಎದ್ದು, ತಮ್ಮ ಆಯೇರಿನ ಕೀಬೋರ್ಡನ್ನು ತಂದು ನನ್ನ ಬಲಗೈ ಹತ್ತಿರ ಇಟ್ಟು, "ಓಡಸು" ಎಂದರು.

ಈಗ ದಿನಾ ಓಡಿಸುತ್ತೇನೆ. ಲಾರಿ ತಿರುಗುವುದು ಬಲಗೈಯ ಬೆರಳಿನ ಕೆಳಗಿರುವ ಗುಂಡಿಗಳಿಂದ. ಎಡಗೈ ಮಾತ್ರ ಯಾವ ವಯರೂ ಇಲ್ಲದ ನನ್ನ ಸ್ಟೇರಿಂಗಿನ ಮೇಲೆ ಇರುತ್ತದೆ. ತಿರುವು ಬಂದಾಗ ಅದನ್ನೂ ತಿರುಗಿಸುತ್ತೇನೆ. ಯಾರಾದರೂ ನೋಡಲು ಬಂದರೆ ಇನ್ನೂ ಸ್ವಲ್ಪ ಜೋರಾಗಿ ತಿರುಗಿಸುತ್ತೇನೆ.